ಮುಲಾಮಿಗೂ ಅರ್ಜಿ ಹಾಕ್ಬೇಕಾ?

ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಡಿಸಿ ತುರುಕಿರುತ್ತಾರಲ್ಲ ಒಂದು ಚೀಟಿ, ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಈಗ ಮೊದಲ ಕರಡು ಯಂತ್ರದಿಂದಲೇ ಬರುತ್ತದೆ, ನಾನು ತಿದ್ದಬೇಕು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ತಿದ್ದಿ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದೆ. ಬೆಳಿಗ್ಗೆ ಅಮ್ಮ ಕನ್ನಡಕ ಏರಿಸಿಕೊಂಡು ಓದಿದರು: "ಗಾಯದ ಮೇಲೆ ದಿನಕ್ಕೆ ಎರಡು ಬಾರಿ ಅರ್ಜಿ ಸಲ್ಲಿಸಿ."

"ಏನೇ ಇದು, ಮುಲಾಮಿಗೂ ತಾಲ್ಲೂಕು ಆಫೀಸಿಗೆ ಹೋಗ್ಬೇಕಾ?"

ಸದ್ಯ, ಚೀಟಿ ಇನ್ನೂ ಮನೆ ಬಿಟ್ಟು ಹೋಗಿರಲಿಲ್ಲ. ಇಂಗ್ಲಿಷಿನಲ್ಲಿ ಇದ್ದದ್ದು 'ಅಪ್ಲೈ', ಹಚ್ಚಿ ಅನ್ನಬೇಕಾದ ಕಡೆ ಯಂತ್ರ ಅರ್ಜಿ ಹಾಕಿಸಿತ್ತು. ಆದರೆ ಈ 'ಅಪ್ಲೈ' ನನ್ನನ್ನು ಹಿಡಿದುಕೊಂಡಿತು. ಅವತ್ತಿನಿಂದ ಕಣ್ಣಿಗೆ ಬಿದ್ದ ಅಪ್ಲೈಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಕೆಲಸಕ್ಕೆ ಅಪ್ಲೈ ಮಾಡುವುದು, ಗೋಡೆಗೆ ಪೇಂಟ್, ಗಾಡಿಗೆ ಬ್ರೇಕ್, ಜಾಹೀರಾತಿನ ಕೊನೆಗೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ 'ಷರತ್ತುಗಳು ಅನ್ವಯ'. ಕೋರ್ಟಿನವರು ಅಧಿಕಾರಿ ತಲೆ ಓಡಿಸದೇ ಸಹಿ ಹಾಕಿದ ಅನ್ನುವುದಕ್ಕೆ 'ನಾನ್ ಅಪ್ಲಿಕೇಶನ್ ಆಫ್ ಮೈಂಡ್' ಅಂತಾರೆ. ಫೋನಿನ 'ಆ್ಯಪ್' ಕೂಡ ಅಪ್ಲಿಕೇಶನ್ನಿನ ಬಾಲ ಕತ್ತರಿಸಿದ ರೂಪವೇ. ಇಷ್ಟಕ್ಕೂ ಒಂದೇ ಪದ ಹೇಗೆ ಸಾಕಾಗುತ್ತದೆ?

ಲ್ಯಾಟಿನ್ನಿನಲ್ಲಿ ಅದು 'ಅಪ್ಲಿಕಾರೆ'. 'ಅಡ್' ಅಂದರೆ ಕಡೆಗೆ, 'ಪ್ಲಿಕಾರೆ' ಅಂದರೆ ಮಡಿಸು. ಹಳೆಯ ಫ್ರೆಂಚ್ ದಾಟಿ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಮಡಿಸುವುದಕ್ಕೂ ಮುಲಾಮಿಗೂ ಏನು ಸಂಬಂಧ ಅಂತ ನನಗೆ ಹೊಳೆದದ್ದು ಟವೆಲ್ ಮಡಿಸುವಾಗ. ಮಡಿಸಿದ ಕೂಡಲೇ ಒಂದು ಪದರ ಇನ್ನೊಂದಕ್ಕೆ ತಾಗಿ ಕೂರುತ್ತದೆ, ಅಲ್ವಾ? ಹಾಗೆ ತಾಗಿಸುವುದೇ ಅಪ್ಲೈ. ಚರ್ಮಕ್ಕೆ ಮುಲಾಮು, ಪ್ರಕರಣಕ್ಕೆ ನಿಯಮ, ಕೆಲಸಕ್ಕೆ ಮನಸ್ಸು. ಸಹಾಯ ಬೇಕಾದವನು ದೊಡ್ಡವರ ಬಳಿ ಹೋಗಿ ತಾಗಿ ನಿಂತರೆ ಅದು ಅರ್ಜಿ. ರೋಮನ್ನರು ಹಡಗನ್ನು ದಡಕ್ಕೆ ತಾಗಿಸುವುದಕ್ಕೂ ಇದೇ ಕ್ರಿಯಾಪದ ಬಳಸುತ್ತಿದ್ದರು. ಈ 'ಪ್ಲಿಕಾರೆ' ಸ್ಪೇನಿನಲ್ಲಿ 'ಯೆಗಾರ್' ಆಗಿ 'ಬಂದು ಸೇರು' ಎಂಬ ಅರ್ಥ ಪಡೆಯಿತು, ರೊಮೇನಿಯಾದಲ್ಲಿ 'ಪ್ಲೆಕಾ' ಆಗಿ 'ಹೊರಟು ಹೋಗು' ಆಯಿತು. ಒಂದೇ ಬೇರು, ಒಬ್ಬರು ಬರುತ್ತಾರೆ, ಇನ್ನೊಬ್ಬರು ಹೋಗುತ್ತಾರೆ!

ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಬೇರೆ. 'ಡಬಲ್', 'ಡುಪ್ಲಿಕೇಟ್', 'ಮಲ್ಟಿಪ್ಲೈ' ಇವುಗಳಲ್ಲೂ ಮಡಿಕೆಯ ಲೆಕ್ಕವೇ ಇದೆ. ನಮ್ಮ ಇಮ್ಮಡಿ, ಮುಮ್ಮಡಿ, ನಾಲ್ವಡಿ? ಅದೇ ಮಡಿ! ಎರಡನೇ ಪುಲಕೇಶಿ ಇಮ್ಮಡಿ ಪುಲಕೇಶಿಯಾದದ್ದು ಹಾಗೆ. ಲ್ಯಾಟಿನ್ನಿಗೂ ಕನ್ನಡಕ್ಕೂ ನಂಟಿಲ್ಲ, ಆದರೂ ಇಬ್ಬರೂ ಬಟ್ಟೆ ಮಡಿಸಿಯೇ ಎಣಿಸಿದ್ದಾರೆ. ಅಡುಗೆಮನೆ ಕಪಾಟಿಗೆ ಬಂದ ಬಡಗಿ "18 ಎಂಎಂ ಪ್ಲೈ ಹಾಕೋಣ್ವಾ ಮೇಡಂ" ಅಂದಾಗ ಆ 'ಪ್ಲೈ' ಕೂಡ ಇದೇ ಮನೆತನದ್ದು ಅಂತ ಅವರಿಗೆ ಹೇಳಿಯೂ ಬಿಟ್ಟೆ. ಪಾಪ, ಸುಮ್ನೆ ತಲೆಯಾಡಿಸಿದರು.

ಇದೇ ಹುಮ್ಮಸ್ಸಿನಲ್ಲಿ 'ಸಪ್ಲೈ', 'ಕಂಪ್ಲೈ' ಎರಡನ್ನೂ ಮಡಿಕೆಯ ಪಟ್ಟಿಗೆ ಸೇರಿಸಿ ಎಡವಿದೆ. ಅವುಗಳ ಬೇರು 'ಪ್ಲೇರೆ', ಅಂದರೆ ತುಂಬು. ಬಾಲ ಒಂದೇ ಥರ ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರಲ್ಲ. ನಿಘಂಟು ತೆಗೆದು ನೋಡದೆ ಬರೆದದ್ದಕ್ಕೆ ಆ ಪುಟಕ್ಕೆ ಅಡ್ಡಗೆರೆ ಎಳೆಯಬೇಕಾಯಿತು.

ಈಗ ಅಪ್ಲೈ ಬಂದರೆ ಮೊದಲು ಕೇಳಿಕೊಳ್ಳುತ್ತೇನೆ: ಏನು, ಯಾವುದಕ್ಕೆ ತಾಗುತ್ತಿದೆ? ಆಮೇಲೆ ಕನ್ನಡ ತಾನಾಗಿ ಬರುತ್ತದೆ. ಮುಲಾಮು ಹಚ್ಚು, ಬಣ್ಣ ಬಳಿ, ಎಣ್ಣೆ ಸವರು, ಬ್ರೇಕ್ ಹಾಕು, ರಕ್ತ ಬರುವ ಕಡೆ ಒತ್ತಿ ಹಿಡಿ. 'ಲೇಪಿಸಿ' ಅಂತ ಬರೆದರೆ ಅಮ್ಮ ಒಪ್ಪುವುದಿಲ್ಲ, "ನಾನೇನು ದೇವರ ವಿಗ್ರಹವೇ?" ಅಂತಾರೆ.

ಆ ಚೀಟಿ ಕೊನೆಗೆ ಹೋದದ್ದು ಹೀಗೆ: "ದಿನಕ್ಕೆ ಎರಡು ಸಲ, ಗಾಯದ ಮೇಲೆ ತೆಳುವಾಗಿ ಹಚ್ಚಿ."