ಎಂಟು ಪೂರ್ವಕ್ಕೆ, ಆರು ಉತ್ತರಕ್ಕೆ

8 ಮೀಟರ್ ಪೂರ್ವಕ್ಕೆ ನಡೆದು, ಆಮೇಲೆ 6 ಮೀಟರ್ ಉತ್ತರಕ್ಕೆ ನಡೆದರೆ ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಇರುವ ನೇರ ದೂರ ಮತ್ತು ದಿಕ್ಕು, ಎಷ್ಟು? ಮೊದಲ ಪಿಯುಸಿಯಲ್ಲಿ ಸದಿಶದ (ಅಳತೆಯ ಜೊತೆ ದಿಕ್ಕೂ ಇರುವ ಪರಿಮಾಣದ) ಪಾಠ ಶುರು ಮಾಡುವಾಗ ನಾನು ಈ ಪ್ರಶ್ನೆ ಕೇಳುತ್ತೇನೆ. ಪ್ರತಿ ವರ್ಷವೂ ಮೊದಲು ಬರುವ ಉತ್ತರ 14. ಪೈಥಾಗೊರಸ್ ಪ್ರಮೇಯ ಎಲ್ಲರಿಗೂ ಬರುತ್ತದೆ. ಆದರೆ ಅದು ಗಣಿತದ ತ್ರಿಕೋನಕ್ಕೆ ಮಾತ್ರ, ನಮ್ಮ ನಡಿಗೆಗಲ್ಲ ಅಂದುಕೊಂಡಿರುತ್ತಾರೆ.

ಒಂದು ವರ್ಷ ಬೋರ್ಡ್ ಬಿಟ್ಟು ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಗೂಟ ಹೊಡೆದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆವು. ಹೊರಟ ಜಾಗದಿಂದ ಕೊನೆಯ ಗೂಟಕ್ಕೆ ಟೇಪು ಹಿಡಿದರೆ 10 ಮೀಟರ್ 40 ಸೆಂಟಿಮೀಟರ್! 64ಕ್ಕೆ 36 ಕೂಡಿದರೆ 100, ವರ್ಗಮೂಲ 10. ಹಾಗಾದರೆ ಆ 40 ಸೆಂಟಿಮೀಟರ್ ಎಲ್ಲಿಂದ ಬಂತು?

ಒಬ್ಬಳು ಹುಡುಗಿ ಮೂಲೆಯ ಗೂಟದ ಹತ್ತಿರವೇ ಕೂತಳು. "ಸರ್, ಮೂಲೆ ಮಟ್ಟ ಇಲ್ಲ. ನಮ್ಮಪ್ಪ ಪಾಯ ಹಾಕುವಾಗ 3, 4, 5 ಅಂತ ನೋಡ್ತಾರೆ."

ಅವಳ ಅಪ್ಪ ಗಾರೆ ಮೇಸ್ತ್ರಿ. ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಮಾಡಿ, ಆ ಎರಡರ ನಡುವೆ ಸರಿಯಾಗಿ 5 ಅಡಿ ಬರುವ ತನಕ ದಾರ ಸರಿಸುವುದು. ಆಗ ಮೂಲೆ ಸರಿಯಾಗಿ 90 ಡಿಗ್ರಿ ಆಗುತ್ತದೆ. ನಾವು ಅಡಿಯ ಬದಲು ಮೀಟರ್ ಇಟ್ಟುಕೊಂಡೆವು. ತ್ರಿಕೋನ ದೊಡ್ಡದಾದಷ್ಟೂ ತಪ್ಪು ಕಡಿಮೆ ಅಲ್ವಾ. ಆಗ ಗೊತ್ತಾಯಿತು, ನಾನು ಕಣ್ಣಂದಾಜಿನಲ್ಲಿ ಹಾಕಿದ್ದ ಮೂಲೆ ಸುಮಾರು 95 ಡಿಗ್ರಿ ಇತ್ತು. ಬರೀ 5 ಡಿಗ್ರಿ ಜಾಸ್ತಿ, ಅಷ್ಟಕ್ಕೇ 40 ಸೆಂಟಿಮೀಟರ್ ವ್ಯತ್ಯಾಸ. ವರ್ಗ ಮಾಡಿ ಕೂಡುವ ಸುಲಭದ ದಾರಿ ಎರಡು ಸದಿಶಗಳು ಲಂಬವಾಗಿದ್ದಾಗ ಮಾತ್ರ ನಡೆಯುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಹೇಳಿದ್ದೆ. ಮಕ್ಕಳಿಗೆ ಅದು ನಾಟಿದ್ದು ಆ ದಿನ. ಗೂಟ ಸರಿಸಿ ಮತ್ತೆ ಅಳೆದಾಗ 10 ಮೀಟರ್ ಬಂತು.

ದಿಕ್ಕಿನ ಬಗ್ಗೆಯೂ ಒಂದಿಷ್ಟು ವಾದ ಆಯಿತು. ಕೆಲವರಿಗೆ 37 ಡಿಗ್ರಿ, ಕೆಲವರಿಗೆ 53. ಎರಡೂ ಸರಿಯೇ. ಪೂರ್ವದಿಂದ ಉತ್ತರದ ಕಡೆಗೆ ಅಳೆದರೆ 37, ಉತ್ತರದಿಂದ ಪೂರ್ವದ ಕಡೆಗೆ ಅಳೆದರೆ 53. ಎಲ್ಲಿಂದ ಅಳೆದಿರಿ ಅಂತ ಬರೆಯದೆ ಸುಮ್ನೆ ಕೋನ ಬರೆದರೆ ಉತ್ತರ ಅರ್ಧವೇ.

ಕೊನೆಗೆ ಇಬ್ಬರನ್ನು ಹೊರಟ ಜಾಗದಲ್ಲಿ ನಿಲ್ಲಿಸಿದೆ. ಒಬ್ಬ ಮೊದಲು ಪೂರ್ವಕ್ಕೆ, ಇನ್ನೊಬ್ಬ ಮೊದಲು ಉತ್ತರಕ್ಕೆ. ಇಬ್ಬರೂ 14 ಮೀಟರ್ ನಡೆದು ಒಂದೇ ಗೂಟದ ಹತ್ತಿರ ಬಂದು ನಿಂತರು. ಕೆಳಗೆ ಬಿದ್ದಿದ್ದ ಟೇಪು ಇನ್ನೂ 10 ಅಂತಲೇ ತೋರಿಸುತ್ತಿತ್ತು.