ಲಿನಕ್ಸ್ ಡೆಸ್ಕ್‌ಟಾಪ್‌ಗೆ ಯಾವ ಆ್ಯಪ್, ಯಾವ ಕ್ರಮದಲ್ಲಿ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಹಳೆಯ ಕಂಪ್ಯೂಟರ್ ಇರುವವರಿಗೆ ಉಳಿದಿರುವ ಒಳ್ಳೆಯ ದಾರಿಗಳಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಒಂದು. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾದಂಥ ಅದರ ವಿತರಣೆಗಳಲ್ಲಿ (ಬೇರೆ ಬೇರೆ ತಂಡಗಳು ಸಿದ್ಧಪಡಿಸಿ ಕೊಡುವ ರೂಪಗಳಲ್ಲಿ) ಯಾವುದೇ ಇರಲಿ, ಇನ್‌ಸ್ಟಾಲ್ ಮಾಡುವುದು ಈಗ ಕಷ್ಟದ ಕೆಲಸವಲ್ಲ. ಗೊಂದಲ ಶುರುವಾಗುವುದು ಅದರ ಮರುದಿನ. ಸಾಫ್ಟ್‌ವೇರ್ ಮಳಿಗೆ ತೆರೆದರೆ ಸಾವಿರಾರು ಆ್ಯಪ್‌ಗಳು, ಬಹುಪಾಲು ಉಚಿತ, ಒಂದೇ ಕೆಲಸಕ್ಕೆ ಹತ್ತು ಹೆಸರು.

ಹೆಸರುವಾಸಿ ಆ್ಯಪ್‌ಗಳ ಪಟ್ಟಿ ಹಿಡಿದು ಒಂದೊಂದಾಗಿ ಹಾಕುತ್ತಾ ಹೋಗುವುದು ಸುಲಭ. ಆದರೆ ಯಾವುದನ್ನು ಮೊದಲು ಹಾಕುತ್ತೀರಿ ಎಂಬುದೇ ಹೆಚ್ಚು ಮುಖ್ಯ. ಕಳೆದುಕೊಂಡರೆ ಮರಳಿ ಬಾರದ್ದನ್ನು ಕಾಯುವ ಆ್ಯಪ್ ಮೊದಲು, ದಿನದ ಕೆಲಸದ್ದು ಆಮೇಲೆ, ಹವ್ಯಾಸದ್ದು ಕೊನೆಗೆ. ಇಲ್ಲಿ ಹೇಳಿರುವ ಕ್ರಮ ಇದೇ. ಟರ್ಮಿನಲ್‌ನಲ್ಲಿ ಕಮಾಂಡ್ ಬರೆಯುವ ಅಗತ್ಯ ಬಹುಮಟ್ಟಿಗೆ ಇಲ್ಲ.

ಹೆಜ್ಜೆ 1: ಬ್ಯಾಕಪ್

ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಬೇರೆ ಯಾವ ಆ್ಯಪ್ ಹಾಕುವ ಮೊದಲೇ, ವ್ಯವಸ್ಥೆಯ ಆಗಿನ ಸ್ಥಿತಿಯ ಪ್ರತಿಯನ್ನು (ಸ್ನ್ಯಾಪ್‌ಶಾಟ್) ತೆಗೆದಿಡುವ ಟೈಮ್‌ಶಿಫ್ಟ್ ಹಾಕಿಕೊಳ್ಳಿ. ಮಿಂಟ್‌ನಲ್ಲಿ ಇದು ಮೊದಲೇ ಇರುತ್ತದೆ. 2022ರಿಂದ ಇದನ್ನು ನೋಡಿಕೊಳ್ಳುತ್ತಿರುವುದೂ ಮಿಂಟ್ ತಂಡವೇ. ಉಬುಂಟು, ಡೆಬಿಯನ್, ಫೆಡೋರಾಗಳ ಭಂಡಾರದಲ್ಲೂ (ಆ ವಿತರಣೆಯವರೇ ಇಟ್ಟಿರುವ ಆ್ಯಪ್ ಸಂಗ್ರಹದಲ್ಲೂ) ಸಿಗುತ್ತದೆ.

ತೆರೆದ ಕೂಡಲೇ ಸ್ನ್ಯಾಪ್‌ಶಾಟ್ ಬಗೆ ಯಾವುದು ಎಂದು ಕೇಳುತ್ತದೆ. ಗೊತ್ತಿಲ್ಲದಿದ್ದರೆ ಆರ್‌ಸಿಂಕ್ ಆರಿಸಿ. ಮುಂದಿನ ಪ್ರಶ್ನೆ, ಎಲ್ಲಿ ಇಡಬೇಕು ಎಂಬುದು. ಬೇರೆ ಹಾರ್ಡ್ ಡಿಸ್ಕ್ ಇದ್ದರೆ ಅದನ್ನೇ ತೋರಿಸಿ. ಆ ಡಿಸ್ಕ್ ಇಎಕ್ಸ್‌ಟಿ4ರಂಥ ಲಿನಕ್ಸ್ ಫಾರ್ಮ್ಯಾಟ್‌ನಲ್ಲಿರಬೇಕು. ವಿಂಡೋಸ್‌ಗಾಗಿ ಫಾರ್ಮ್ಯಾಟ್ ಆದ ಡಿಸ್ಕನ್ನು ಟೈಮ್‌ಶಿಫ್ಟ್ ಒಪ್ಪುವುದಿಲ್ಲ. ಆಮೇಲೆ ದಿನಕ್ಕೊಂದರಂತೆ ಮೂರು, ವಾರಕ್ಕೊಂದರಂತೆ ಎರಡು ಸ್ನ್ಯಾಪ್‌ಶಾಟ್ ಉಳಿಸಿಕೊಳ್ಳುವಂತೆ ಹೇಳಿದರೆ ಸಾಕು. ಮೊದಲನೆಯದು ಇಡೀ ವ್ಯವಸ್ಥೆಯಷ್ಟೇ ಜಾಗ ತಿನ್ನುತ್ತದೆ. ಮುಂದಿನವು ಬದಲಾದ ಫೈಲ್‌ಗಳನ್ನಷ್ಟೇ ಹೊಸದಾಗಿ ನಕಲು ಮಾಡುವುದರಿಂದ ಹೆಚ್ಚು ಜಾಗ ಬೇಡುವುದಿಲ್ಲ. ಒಂದು ಕೆಟ್ಟ ಅಪ್‌ಡೇಟ್ ಬಂದು ಪರದೆಯೇ ಕಾಣದಂತಾದರೂ ಪರವಾಗಿಲ್ಲ. ಇನ್‌ಸ್ಟಾಲ್‌ಗೆ ಬಳಸಿದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಅಲ್ಲಿ ಟೈಮ್‌ಶಿಫ್ಟ್ ತೆರೆದು ನಿನ್ನೆಯ ಸ್ಥಿತಿಗೆ ಮರಳಬಹುದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಫೋಟೊ, ಪತ್ರ, ಲೆಕ್ಕಗಳನ್ನಲ್ಲ. ನಿಮ್ಮ ಸ್ವಂತ ಫೈಲ್‌ಗಳಿರುವ ಹೋಮ್ ಫೋಲ್ಡರನ್ನು ಅದು ಬೇಕೆಂದೇ ಹೊರಗಿಡುತ್ತದೆ. ಇಲ್ಲದಿದ್ದರೆ ವ್ಯವಸ್ಥೆಯನ್ನು ಹಿಂದಕ್ಕೆ ಒಯ್ದಾಗ ಇವತ್ತು ಬರೆದ ಪತ್ರವೂ ಹಿಂದಕ್ಕೆ ಹೋಗಿಬಿಡುತ್ತದೆ. ಹೋಮ್ ಫೋಲ್ಡರ್‌ಗೆ ಪ್ರತ್ಯೇಕ ಬ್ಯಾಕಪ್ ಆ್ಯಪ್ ಬೇಕು. ದೇಜಾ ಡುಪ್ ಬಹಳ ಸರಳ; ಮೆನುವಿನಲ್ಲಿ ಬ್ಯಾಕಪ್ಸ್ ಎಂಬ ಹೆಸರಿನಲ್ಲಿ ಕಾಣಬಹುದು. ಬೋರ್ಗ್‌ಬ್ಯಾಕಪ್ ಎಂಬ ಗಟ್ಟಿ ತಳಹದಿಯ ಮೇಲೆ ನಿಂತಿರುವ ಪೀಕಾ ಬ್ಯಾಕಪ್ ಕೂಡ ಅಷ್ಟೇ ಒಳ್ಳೆಯದು. ಎರಡರಲ್ಲೊಂದು ಸಾಕು. ಬ್ಯಾಕಪ್‌ಗೆ ಪಾಸ್‌ವರ್ಡ್ ಕೊಟ್ಟರೆ ಅದನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿ, ಏಕೆಂದರೆ ಮರೆತರೆ ಬಿಡಿಸಿಕೊಡುವವರು ಯಾರೂ ಇಲ್ಲ. ದೇಜಾ ಡುಪ್ ಆರಿಸಿಕೊಂಡವರು ಇನ್ನೊಂದನ್ನು ನೋಡಿಕೊಳ್ಳಿ: ಅದು ಡೌನ್‌ಲೋಡ್ಸ್ ಫೋಲ್ಡರನ್ನು ತಾನಾಗಿ ಬ್ಯಾಕಪ್‌ಗೆ ಸೇರಿಸುವುದಿಲ್ಲ. ಬೇಕಾದ ಫೈಲ್ ಅಲ್ಲೇ ಬಿದ್ದಿದ್ದರೆ ಬೇರೆಡೆಗೆ ಸರಿಸಿ.

ಬ್ಯಾಕಪ್ ಮುಗಿದ ಮೇಲೆ ಒಂದು ಫೈಲನ್ನಾದರೂ ಅದರಿಂದ ಹೊರತೆಗೆದು ತೆರೆದು ನೋಡಿ. ಮರಳಿ ಬರುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ಅದನ್ನು ಬ್ಯಾಕಪ್ ಎಂದು ನಂಬಬೇಕು.

ಹೆಜ್ಜೆ 2: ಎಲ್ಲಿಂದ ಹಾಕಿಕೊಳ್ಳುವುದು?

ವಿಂಡೋಸ್‌ನಿಂದ ಬಂದವರಿಗೆ ಬ್ರೌಸರ್‌ನಲ್ಲಿ ಹುಡುಕಿ, ಸಿಕ್ಕ ಜಾಲತಾಣದಿಂದ ಇಳಿಸಿಕೊಂಡು ಹಾಕುವ ಅಭ್ಯಾಸ ಇರುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಬಿಡಿ. ಪ್ರತಿ ವಿತರಣೆಗೂ ತನ್ನದೇ ಭಂಡಾರವಿದೆ. ಅಲ್ಲಿನ ಪ್ಯಾಕೇಜ್‌ಗಳು ಆ ವಿತರಣೆಯವರ ಕೈಯಿಂದಲೇ ಹಾದು ಬರುತ್ತವೆ, ವ್ಯವಸ್ಥೆಯ ಜತೆಗೇ ಅಪ್‌ಡೇಟ್ ಆಗುತ್ತವೆ. ಮೊದಲ ಆಯ್ಕೆ ಅದೇ ಇರಲಿ.

ಭಂಡಾರದಲ್ಲಿರುವುದು ತೀರಾ ಹಳೆಯ ಆವೃತ್ತಿಯಾಗಿದ್ದರೆ, ಇಲ್ಲವೇ ಆ್ಯಪ್ ಸಿಗದಿದ್ದರೆ ಫ್ಲಾಟ್‌ಹಬ್ ಎಂಬ ಆ್ಯಪ್ ಮಳಿಗೆಗೆ ಹೋಗಿ. ಅಲ್ಲಿ ಆ್ಯಪ್‌ಗಳು ಸಿಗುವುದು ಫ್ಲಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ; ಇವು ಬಹುತೇಕ ಎಲ್ಲ ವಿತರಣೆಗಳಲ್ಲೂ ಓಡುತ್ತವೆ. ಮಿಂಟ್ ಮತ್ತು ಫೆಡೋರಾದಲ್ಲಿ ಇದಕ್ಕೆ ಬೇಕಾದ ಏರ್ಪಾಡು ಮೊದಲೇ ಇದೆ. ಉಬುಂಟು ತನ್ನದೇ ಆದ ಸ್ನ್ಯಾಪ್ ಎಂಬ ಪ್ಯಾಕೇಜ್ ಬಗೆಯನ್ನು ಬಳಸುವುದರಿಂದ ಅಲ್ಲಿ ಫ್ಲಾಟ್‌ಪ್ಯಾಕನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಮೊದಲ ಫ್ಲಾಟ್‌ಪ್ಯಾಕ್ ಹಾಕುವಾಗ ಸಣ್ಣ ಆ್ಯಪ್‌ಗೂ ನೂರಾರು ಮೆಗಾಬೈಟ್ ಇಳಿಯುವುದನ್ನು ಕಂಡು ಗಾಬರಿಯಾಗಬೇಡಿ. ಇಳಿಯುತ್ತಿರುವುದು ಹಲವು ಆ್ಯಪ್‌ಗಳು ಹಂಚಿಕೊಳ್ಳುವ ರನ್‌ಟೈಮ್, ಅಂದರೆ ಅವು ಓಡಲು ಬೇಕಾದ ಸಾಮಾನು. ಎರಡನೆಯ, ಮೂರನೆಯ ಆ್ಯಪ್ ಹೊತ್ತಿಗೆ ಈ ಹೊರೆ ತಗ್ಗುತ್ತದೆ.

ಫ್ಲಾಟ್‌ಹಬ್‌ನಲ್ಲಿ ಆ್ಯಪ್ ಹೆಸರಿನ ಪಕ್ಕ ವೆರಿಫೈಡ್ ಗುರುತು ಇದೆಯೇ ನೋಡಿ. ಆ್ಯಪ್ ಕಟ್ಟಿದವರೇ ಅದನ್ನು ಅಲ್ಲಿ ಪ್ರಕಟಿಸಿದ್ದಾರೆ ಎಂದು ಇದರ ಅರ್ಥ. ಮಿಂಟ್ 22ರಿಂದ ಈ ಗುರುತಿಲ್ಲದವನ್ನು ಮಳಿಗೆ ತಾನಾಗಿ ತೋರಿಸುವುದಿಲ್ಲ, ಅದು ಸರಿಯಾದ ನಿರ್ಧಾರ. ಫ್ಲಾಟ್‌ಸೀಲ್ ಎಂಬ ಪುಟ್ಟ ಆ್ಯಪ್ ಹಾಕಿಕೊಂಡರೆ ಯಾವ ಫ್ಲಾಟ್‌ಪ್ಯಾಕ್ ನಿಮ್ಮ ಯಾವ ಫೋಲ್ಡರ್‌ಗೆ ಕೈ ಹಾಕಬಹುದು ಎಂಬುದನ್ನು ಸ್ವಿಚ್ ಒತ್ತಿಯೇ ನಿಗದಿ ಮಾಡಬಹುದು. ಯಾರೋ ಕೊಟ್ಟ ಕಮಾಂಡನ್ನು ಅರ್ಥ ತಿಳಿಯದೆ ಟರ್ಮಿನಲ್‌ಗೆ ಅಂಟಿಸುವುದನ್ನಂತೂ ಮಾಡಲೇಬೇಡಿ.

ಹೆಜ್ಜೆ 3: ಪಾಸ್‌ವರ್ಡ್‌ಗಳಿಗೊಂದು ಪೆಟ್ಟಿಗೆ

ಎಲ್ಲ ಖಾತೆಗೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರು ಅದನ್ನು ಬದಲಿಸಲು ಹೊಸ ಕಂಪ್ಯೂಟರ್ ವ್ಯವಸ್ಥೆ ಒಳ್ಳೆಯ ನೆಪ. ಕೀಪಾಸ್‌ಎಕ್ಸ್‌ಸಿ ಎಲ್ಲ ಪಾಸ್‌ವರ್ಡ್‌ಗಳನ್ನೂ ಗೂಢಲಿಪೀಕರಿಸಿದ ಒಂದೇ ಫೈಲ್‌ನಲ್ಲಿ ಇಡುತ್ತದೆ. ಆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಯಾವ ಕಂಪನಿಯ ಸರ್ವರ್‌ಗೂ ಹೋಗುವುದಿಲ್ಲ. ಹೊಸ ಡೇಟಾಬೇಸ್ ಸೃಷ್ಟಿಸಿ, ನೆನಪಿಡಬಲ್ಲ ಉದ್ದನೆಯ ಪಾಸ್‌ವರ್ಡ್ ಕೊಡಿ. ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಜೋಡಿಸಿದರೆ ನೆನಪೂ ಉಳಿಯುತ್ತದೆ, ಊಹಿಸುವುದೂ ಕಷ್ಟ. ಬ್ರೌಸರ್‌ಗೆ ಜೋಡಿಸಲು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್ ಇಂಟಿಗ್ರೇಷನ್ ಆನ್ ಮಾಡಿ, ಫೈರ್‌ಫಾಕ್ಸ್‌ನಲ್ಲಿ ಕೀಪಾಸ್‌ಎಕ್ಸ್‌ಸಿ-ಬ್ರೌಸರ್ ಎಂಬ ಆ್ಯಡ್-ಆನ್ ಹಾಕಿ ಕನೆಕ್ಟ್ ಒತ್ತಿ. ಎರಡರಲ್ಲಿ ಯಾವುದಾದರೂ ಫ್ಲಾಟ್‌ಪ್ಯಾಕ್ ಆಗಿದ್ದರೆ ಈ ಜೋಡಣೆ ಸತಾಯಿಸಬಹುದು. ಹಾಗಾಗಿ ಈ ಎರಡನ್ನೂ ವಿತರಣೆಯ ಭಂಡಾರದಿಂದಲೇ ಹಾಕಿಕೊಳ್ಳುವುದು ಜಾಣತನ. ಆಂಡ್ರಾಯ್ಡ್ ಫೋನ್‌ನಲ್ಲಿ ಇದೇ ಫೈಲನ್ನು ಕೀಪಾಸ್‌ಡಿಎಕ್ಸ್ ತೆರೆಯುತ್ತದೆ.

ಬ್ರೌಸರ್ ತೆರೆದಿರುವಾಗಲೇ ಯುಬ್ಲಾಕ್ ಒರಿಜಿನ್ ಆ್ಯಡ್-ಆನ್ ಕೂಡ ಹಾಕಿಬಿಡಿ. ಜಾಹೀರಾತು, ಟ್ರ್ಯಾಕರ್‌ಗಳು ತಗ್ಗಿದರೆ ಹಳೆಯ ಕಂಪ್ಯೂಟರೂ ಚುರುಕಾಗುತ್ತದೆ.

ಹೆಜ್ಜೆ 4: ಬರೆಯುವುದು, ಲೆಕ್ಕ, ಪಿಡಿಎಫ್

ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್ ಎಂಬ ಕಚೇರಿ ಆ್ಯಪ್‌ಗಳ ಕಟ್ಟು ಬಹುತೇಕ ವಿತರಣೆಗಳಲ್ಲಿ ಮೊದಲೇ ಇರುತ್ತದೆ. ವರ್ಡ್ ಫೈಲ್ ತೆರೆದಾಗ ಪುಟಗಳು ಅಸ್ತವ್ಯಸ್ತವಾಗಿ ಕಂಡರೆ ಎಷ್ಟೋ ಸಲ ತಪ್ಪು ಲಿಬ್ರೆಆಫೀಸ್‌ನದಲ್ಲ, ಇಲ್ಲದ ಫಾಂಟ್‌ನದು. ಕ್ಯಾಲಿಬ್ರಿ ಫಾಂಟ್‌ನ ಅಕ್ಷರಗಳಷ್ಟೇ ಅಗಲದ ಅಕ್ಷರಗಳಿರುವ ಕಾರ್ಲಿಟೊ, ಕೇಂಬ್ರಿಯಾಕ್ಕೆ ಬದಲಾಗಿ ಕ್ಯಾಲಡಿಯಾ ಎಂಬ ಮುಕ್ತ ಫಾಂಟ್‌ಗಳಿವೆ. ಎರಡನ್ನೂ ಭಂಡಾರದಿಂದ ಹಾಕಿ, ಫೈಲ್ ಮತ್ತೆ ತೆರೆಯಿರಿ. ಸಾಲುಗಳು ಎಲ್ಲಿ ಮುರಿಯಬೇಕೋ ಅಲ್ಲೇ ಮುರಿಯುವ ಸಾಧ್ಯತೆ ಹೆಚ್ಚು. ನೀವು ಕಳುಹಿಸುವ ಫೈಲ್‌ಗಳನ್ನೆಲ್ಲ ವರ್ಡ್ ಬಳಸುವವರೇ ತೆರೆಯುವುದಾದರೆ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಲೋಡ್/ಸೇವ್ ವಿಭಾಗದಲ್ಲಿ ವರ್ಡ್‌ನ ಫೈಲ್ ಮಾದರಿಯಾದ ಡಾಕ್ಎಕ್ಸ್ ಅನ್ನೇ ಸಹಜ ಆಯ್ಕೆಯಾಗಿ ಇಟ್ಟುಕೊಳ್ಳಿ. ನಿಮ್ಮ ಸ್ವಂತ ದಾಖಲೆಗಳಿಗೆ ಮಾತ್ರ ಲಿಬ್ರೆಆಫೀಸ್‌ನ ಸಹಜ ಫೈಲ್ ಮಾದರಿಯಾದ ಓಡಿಎಫ್ ಉಳಿಸಿಕೊಳ್ಳಿ. 2006ರಲ್ಲೇ ಐಎಸ್‌ಒ ಮಾನ್ಯತೆ ಪಡೆದ ಮುಕ್ತ ಮಾನಕ ಅದು. ಮುಂದೆ ಯಾವ ಆ್ಯಪ್ ಬಳಸಿದರೂ ತೆರೆದುಕೊಳ್ಳುವ ಭರವಸೆ ಹೆಚ್ಚು.

ಕನ್ನಡದಲ್ಲಿ ಬರೆಯುವವರು ಅದೇ ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಕನ್ನಡ ಆರಿಸಬೇಕು. ಲಿಬ್ರೆಆಫೀಸ್ ಕನ್ನಡ ಅಕ್ಷರಗಳ ಫಾಂಟ್ ಮತ್ತು ಗಾತ್ರವನ್ನು ಇಂಗ್ಲಿಷ್‌ನದಕ್ಕಿಂತ ಬೇರೆಯಾಗಿ ನೆನಪಿಡುತ್ತದೆ. ಶೈಲಿಗಳಲ್ಲಿ ಗಾತ್ರ ಬದಲಿಸಿದರೂ ಕನ್ನಡ ಅಕ್ಷರ ಹಾಗೇ ಉಳಿಯಿತೆಂದರೆ ಕಾರಣ ಇದು. ಕೀಲಿಮಣೆಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಬೇಕಿದ್ದರೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್ಔಟ್ ಆಗಿ ಬಂದು, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಿಕೊಳ್ಳಿ.

ಪಿಡಿಎಫ್ ವಿಷಯದಲ್ಲಿ ಲಿನಕ್ಸ್ ನಿಜಕ್ಕೂ ಶ್ರೀಮಂತ. ಬೇರೆಡೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಎಷ್ಟೋ ಕೆಲಸಗಳಿಗೆ ಇಲ್ಲಿ ಮುಕ್ತ ಆ್ಯಪ್‌ಗಳಿವೆ. ಓದಲು, ಗುರುತು ಹಾಕಲು, ಫಾರ್ಮ್ ತುಂಬಲು ಒಕ್ಯುಲರ್. ಜರ್ಮನಿಯ ಬ್ಲೂ ಏಂಜೆಲ್ ಪರಿಸರ ಮುದ್ರೆ 2022ರಲ್ಲಿ ಮೊಟ್ಟಮೊದಲು ಸಿಕ್ಕ ಸಾಫ್ಟ್‌ವೇರ್ ಅದು. ಪುಟ ಕೂಡಿಸಲು, ಕಳೆಯಲು, ತಿರುಗಿಸಲು ಪಿಡಿಎಫ್ ಅರೇಂಜರ್. ಪುಟಗಳ ಚಿಕ್ಕ ಚಿತ್ರಗಳು ಕಾಣುತ್ತವೆ, ಎಳೆದು ಜಾಗ ಬದಲಿಸಿ, ಹೊಸ ಹೆಸರಿನಲ್ಲಿ ಉಳಿಸಿದರೆ ಮುಗಿಯಿತು. ಕೈಬರಹದ ಟಿಪ್ಪಣಿ ಬರೆಯಲು, ಸಹಿಯ ಚಿತ್ರ ಅಂಟಿಸಲು ಜರ್ನಲ್++.

ಗುಟ್ಟಿನ ವಿವರ ಇರುವ ಪಿಡಿಎಫ್ ಯಾರಿಗಾದರೂ ಕಳುಹಿಸುವಾಗ ಬಹಳ ಎಚ್ಚರ ಬೇಕು. ಖಾತೆ ಸಂಖ್ಯೆಯ ಮೇಲೆ ಕಪ್ಪು ಚೌಕ ಎಳೆದರೆ ಅದು ಅಳಿಸಿಹೋಗುವುದಿಲ್ಲ. ಕೆಳಗಿನ ಪಠ್ಯ ಹಾಗೇ ಇರುತ್ತದೆ, ಯಾರು ಬೇಕಾದರೂ ಅದನ್ನು ನಕಲು ಮಾಡಿಕೊಳ್ಳಬಹುದು. ಫೈಲನ್ನು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ಟೂಲ್ಸ್ ಮೆನುವಿನ ರಿಡ್ಯಾಕ್ಟ್ ಬಳಸಿ. ಅದು ಪುಟವನ್ನೇ ಚಿತ್ರವಾಗಿಸಿ, ಮುಚ್ಚಿದ ಭಾಗವನ್ನು ನಿಜವಾಗಿ ತೆಗೆದುಬಿಡುತ್ತದೆ. ಕಳುಹಿಸುವ ಮೊದಲು ಆ ಜಾಗದ ಪಠ್ಯ ಆರಿಸಲು ಬರುತ್ತದೆಯೇ ಎಂದು ಒಕ್ಯುಲರ್‌ನಲ್ಲಿ ನೋಡಿಕೊಳ್ಳಿ.

ಸ್ಕ್ಯಾನ್ ಮಾಡಿದ ಪುಟದಿಂದ ಪಠ್ಯ ಬೇಕೇ? ಜಿಇಮೇಜ್‌ರೀಡರ್ ಹಾಕಿ. ಅದರ ಒಳಗೆ ಕೆಲಸ ಮಾಡುವುದು ಟೆಸೆರಾಕ್ಟ್. ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಎಂಬತ್ತರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾದ ಅಕ್ಷರ ಗುರುತಿಸುವ ಎಂಜಿನ್ ಇದು. ಕನ್ನಡದ ಭಾಷಾ ದತ್ತಾಂಶವನ್ನು ಜತೆಗೆ ಹಾಕಿಕೊಂಡರೆ ಅಚ್ಚಾದ ಕನ್ನಡ ಪುಟವನ್ನೂ ಓದುತ್ತದೆ. ಪುಟ ನೇರವಾಗಿರಲಿ, ಸ್ಕ್ಯಾನ್ 300 ಡಿಪಿಐ ಇರಲಿ. ಒತ್ತಕ್ಷರಗಳಲ್ಲಿ ತಪ್ಪು ಉಳಿಯಬಹುದು, ತಿದ್ದುವ ಕೆಲಸ ನಿಮ್ಮದು.

ಹೆಜ್ಜೆ 5: ಫೋನ್ ಜೋಡಣೆ

ಕೆಡಿಇ ಕನೆಕ್ಟ್ ಅನ್ನು ಕಂಪ್ಯೂಟರ್ ಮತ್ತು ಫೋನ್ ಎರಡರಲ್ಲೂ ಹಾಕಿ, ಎರಡೂ ಒಂದೇ ವೈಫೈನಲ್ಲಿರುವಾಗ ಜೋಡಿ ಮಾಡಿ. ಫೈಲ್ ಕಳುಹಿಸುವುದು, ಒಂದರಲ್ಲಿ ನಕಲು ಮಾಡಿದ ಪಠ್ಯವನ್ನು ಇನ್ನೊಂದಕ್ಕೆ ದಾಟಿಸುವುದು, ಫೋನ್‌ನ ಸೂಚನೆಗಳನ್ನು ಪರದೆಯಲ್ಲಿ ನೋಡುವುದು, ಎಲ್ಲವೂ ತಂತಿ ಇಲ್ಲದೆ ನಡೆಯುತ್ತದೆ. ಒಂದಕ್ಕೊಂದು ಕಾಣದಿದ್ದರೆ ಫೈರ್‌ವಾಲ್‌ನಲ್ಲಿ 1714ರಿಂದ 1764ರವರೆಗಿನ ಟಿಸಿಪಿ ಮತ್ತು ಯುಡಿಪಿ ಪೋರ್ಟ್‌ಗಳನ್ನು ತೆರೆಯಿರಿ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರ ಬಳಸುವವರಿಗೆ ಜಿಎಸ್‌ಕನೆಕ್ಟ್ ಎಂಬ ವಿಸ್ತರಣೆ ಇದೇ ಕೆಲಸ ಮಾಡುತ್ತದೆ.

ಎರಡು ಕಂಪ್ಯೂಟರ್‌ಗಳ ಫೋಲ್ಡರ್ ಸದಾ ಒಂದೇ ರೀತಿ ಇರಬೇಕೆಂದರೆ ಸಿಂಕ್‌ಥಿಂಗ್ ಬೇಕು. ಯಾವ ಕ್ಲೌಡ್‌ನಲ್ಲೂ ಫೈಲ್ ಶೇಖರಿಸದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಇದನ್ನು ಬ್ಯಾಕಪ್ ಎಂದು ಮಾತ್ರ ತಿಳಿಯಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಫೋಲ್ಡರ್‌ನ ಸೆಟ್ಟಿಂಗ್ಸ್‌ನಲ್ಲಿ ಫೈಲ್ ವರ್ಷನಿಂಗ್ ಆನ್ ಮಾಡಿದರೆ ಇನ್ನೊಂದು ಯಂತ್ರದಲ್ಲಿ ಅಳಿಸಿದ ಫೈಲ್‌ನ ಹಳೆಯ ಪ್ರತಿ ಇಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. ಪಾಸ್‌ವರ್ಡ್ ಫೈಲನ್ನು ಹೀಗೆ ಹಂಚಿಕೊಂಡವರು ಎರಡೂ ಕಡೆ ಒಂದೇ ಹೊತ್ತಿಗೆ ತಿದ್ದಿದರೆ ಕಾನ್‌ಫ್ಲಿಕ್ಟ್ ಎಂಬ ಹೆಸರಿನ ಇನ್ನೊಂದು ಪ್ರತಿ ಹುಟ್ಟುತ್ತದೆ. ಅದನ್ನು ಅಳಿಸಬೇಡಿ. ಕೀಪಾಸ್‌ಎಕ್ಸ್‌ಸಿಯ ಡೇಟಾಬೇಸ್ ಮೆನುವಿನಲ್ಲಿರುವ ಮರ್ಜ್ ಎರಡನ್ನೂ ಒಂದಾಗಿಸುತ್ತದೆ.

ಹೆಜ್ಜೆ 6: ಚಿತ್ರ, ಧ್ವನಿ, ವಿಡಿಯೊ

ಇಲ್ಲಿ ಆಯ್ಕೆ ನಿಮ್ಮ ಹವ್ಯಾಸಕ್ಕೆ ಬಿಟ್ಟದ್ದು. ಫೋಟೊ ತಿದ್ದಲು ಗಿಂಪ್, ಚಿತ್ರ ಬಿಡಿಸಲು ಕ್ರಿಟಾ, ಲೋಗೊ, ಪೋಸ್ಟರ್‌ಗಳಿಗೆ ಇಂಕ್‌ಸ್ಕೇಪ್. ಗಿಂಪ್ ಹಾಕುವವರು 2025ರ ಮಾರ್ಚ್‌ನಲ್ಲಿ ಬಂದ 3.0 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. ಹಾಕಿದ ಫಿಲ್ಟರನ್ನು ಮೂಲ ಚಿತ್ರ ಕೆಡದಂತೆ ಆಮೇಲೂ ಬದಲಿಸುವ ಸೌಲಭ್ಯ ಬಂದದ್ದು ಅದರಲ್ಲೇ.

ಧ್ವನಿಗೆ ಆಡಾಸಿಟಿ. ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದು ಸೇರಿದ್ದರೆ, ಮಾತಿಲ್ಲದ ಒಂದೆರಡು ಸೆಕೆಂಡ್ ಆರಿಸಿ, ನಾಯ್ಸ್ ರಿಡಕ್ಷನ್ ತೆರೆದು ನಾಯ್ಸ್ ಪ್ರೊಫೈಲ್ ಪಡೆಯಿರಿ. ಆಮೇಲೆ ಇಡೀ ಧ್ವನಿ ಆರಿಸಿ ಅದೇ ಎಫೆಕ್ಟ್ ಹಾಕಿ. ಹೆಚ್ಚು ಒರೆಸಿದರೆ ದನಿ ಲೋಹದಂತೆ ಕೇಳುತ್ತದೆ, ಸ್ವಲ್ಪ ಸದ್ದು ಉಳಿದರೂ ಚಿಂತೆಯಿಲ್ಲ. ವಿಡಿಯೊ ಕತ್ತರಿಸಲು ಕೆಡೆನ್‌ಲೈವ್. ಹಳೆಯ ಕಂಪ್ಯೂಟರ್‌ನಲ್ಲಿ ತಡವರಿಸಿದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಕ್ಲಿಪ್ (ತಿದ್ದುವಾಗ ಬಳಸುವ ಹಗುರ ಪ್ರತಿ) ಆನ್ ಮಾಡಿ. ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ, ನೋಡಲು ವಿಎಲ್‌ಸಿ.

ಇಷ್ಟಾದ ಮೇಲೆ ಕ್ಲೀನರ್ ಆ್ಯಪ್ ಹಾಕುವ ಆಸೆ ಬರಬಹುದು. ಅವಸರ ಬೇಡ. ಡಿಸ್ಕ್ ತುಂಬುತ್ತಿದ್ದರೆ ಡಿಸ್ಕ್ ಯೂಸೇಜ್ ಅನಲೈಸರ್ ತೆರೆದು ಜಾಗ ಎಲ್ಲಿ ಹೋಗಿದೆ ಎಂದು ಮೊದಲು ನೋಡಿ. ಹೆಚ್ಚಾಗಿ ಅದು ಕಸದ ಬುಟ್ಟಿಯಲ್ಲಿ, ಡೌನ್‌ಲೋಡ್ಸ್‌ನಲ್ಲಿ, ಇಲ್ಲವೇ ಅದೇ ಡಿಸ್ಕ್‌ನಲ್ಲಿಟ್ಟ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳಲ್ಲಿ ಇರುತ್ತದೆ. ಮೊದಲೆರಡನ್ನು ಖಾಲಿ ಮಾಡಿ. ಸ್ನ್ಯಾಪ್‌ಶಾಟ್‌ಗಳನ್ನು ಮಾತ್ರ ಫೈಲ್ ಮ್ಯಾನೇಜರ್‌ನಿಂದ ಅಳಿಸದೆ ಟೈಮ್‌ಶಿಫ್ಟ್ ಒಳಗಿನಿಂದಲೇ ಅಳಿಸಿ.