ರೋಬೋಟ್ ಕನ್ಸೋಲ್‌ನಲ್ಲಿ ನನ್ನ ಕಣ್ಣು ನೋಡಿಕೊಂಡ ಬಗೆ

ನಾನು ಯೂರಾಲಜಿ ಸರ್ಜನ್. ಪ್ರಾಸ್ಟೇಟ್ ಆಪರೇಷನ್‌ಗಳನ್ನು ಹೆಚ್ಚಾಗಿ ರೋಬೋಟ್‌ನಲ್ಲೇ ಮಾಡುತ್ತೇನೆ. ಕನ್ಸೋಲ್ ಎಂಬ ನಿಯಂತ್ರಣ ಯಂತ್ರದೊಳಗೆ ತಲೆಯಿಟ್ಟು, ಪರದೆ ನೋಡುತ್ತಾ ಕೂತು ಮಾಡುವ ಕೆಲಸ ಅಲ್ವಾ, ಬೆನ್ನಿಗೆ ಎಷ್ಟೋ ಆರಾಮ. ಆ ಭಾರವೆಲ್ಲ ಕಣ್ಣಿಗೆ ಬಂತು. ದೊಡ್ಡ ಕೇಸ್ ಮುಗಿಸಿ ತಲೆ ಎತ್ತಿದರೆ ದೂರದ ಗೋಡೆ ಸ್ವಲ್ಪ ಹೊತ್ತು ಮಂಜು. ಹುಬ್ಬಿನ ಮೇಲೆ ನೋವು, ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ.

ಎಲ್ಲರೂ ಮೊದಲು ದೂರುವುದು ಪರದೆಯ ಬೆಳಕನ್ನು. ನನ್ನ ಪ್ರಕಾರ ಅದರ ಪಾಲು ಸಣ್ಣದು. ರೋಬೋಟ್‌ನ ಎಂಡೋಸ್ಕೋಪ್, ಅಂದರೆ ಹೊಟ್ಟೆಯೊಳಗೆ ಇಳಿಸುವ ಕೊಳವೆಯಂಥ ಕ್ಯಾಮೆರಾ, ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಇನ್ನೊಂದು ಚಿತ್ರ ಕಳಿಸುತ್ತದೆ. ಮಿದುಳು ಎರಡನ್ನೂ ಸೇರಿಸಿ ಆಳ ಕಾಣಿಸುತ್ತದೆ. ಸಾಮಾನ್ಯವಾಗಿ ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಜೊತೆಗೆ ಫೋಕಸ್ ಕೂಡ ಬದಲಾಗುತ್ತದೆ. ಕನ್ಸೋಲ್‌ನಲ್ಲಿ ಈ ಜೋಡಿ ಒಡೆಯುತ್ತದೆ. ಫೋಕಸ್ ಪರದೆಯ ದೂರಕ್ಕೇ ಅಂಟಿಕೊಂಡಿರಬೇಕು. ಸೂಜಿ ಹತ್ತಿರ ಬಂದಂತೆ, ದೂರ ಹೋದಂತೆ ಕಣ್ಣಿನ ತಿರುಗುವಿಕೆ ಮಾತ್ರ ಬದಲಾಗುತ್ತಲೇ ಇರುತ್ತದೆ. ಗಂಟೆಗಟ್ಟಲೆ ಹೀಗೆ ಎಳೆದಾಡಿದರೆ ಸ್ನಾಯು ದಣಿಯದೆ ಇರುತ್ತದೆಯೇ?

ಹಾಗಾಗಿ ನಾನು ಮೊದಲು ಬದಲಿಸಿದ್ದು ಕ್ಯಾಮೆರಾ ಹಿಡಿಯುವ ರೀತಿ. ಕ್ಯಾಮೆರಾವನ್ನು ಅಂಗಾಂಶಕ್ಕೆ ತೀರಾ ಹತ್ತಿರ ಒಯ್ದರೆ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಜಾಸ್ತಿಯಾಗುತ್ತದೆ, ಕಣ್ಣು ಇನ್ನೂ ಒಳಕ್ಕೆ ತಿರುಗಬೇಕಾಗುತ್ತದೆ. ನರ ಬಿಡಿಸುವಾಗ, ಹೊಲಿಗೆ ಹಾಕುವಾಗ ಮಾತ್ರ ಹತ್ತಿರ ಹೋಗುತ್ತೇನೆ. ಆಮೇಲೆ ಹಿಂದಕ್ಕೆ.

ಎರಡನೆಯದನ್ನು ಗಮನಿಸುವವರು ಕಡಿಮೆ. ಎಂಡೋಸ್ಕೋಪ್ ತುದಿಯ ಎರಡು ಲೆನ್ಸ್‌ಗಳಲ್ಲಿ ಒಂದಕ್ಕೆ ಮಾತ್ರ ಹೊಗೆಯೋ ರಕ್ತವೋ ತಾಗಿದರೆ ಚಿತ್ರ ಪೂರ್ತಿ ಕೆಡುವುದಿಲ್ಲ. ಒಂದು ಕಣ್ಣಿಗೆ ಸ್ಪಷ್ಟ, ಇನ್ನೊಂದಕ್ಕೆ ಮಸುಕು. ಮಿದುಳು ಹೇಗೋ ಹೊಂದಿಸಿಕೊಳ್ಳುತ್ತದೆ, ತಲೆನೋವು ಮಾತ್ರ ಶುರುವಾಗುತ್ತದೆ. ರೋಗಿಯ ಪಕ್ಕದಲ್ಲಿರುವ ಅಸಿಸ್ಟೆಂಟ್‌ನ ಮಾನಿಟರ್‌ನಲ್ಲಿ ಸಾಮಾನ್ಯವಾಗಿ ಒಂದೇ ಕಣ್ಣಿನ ಚಿತ್ರ ಬರುತ್ತದೆ. ‘ಕ್ಲಿಯರ್ ಇದೆ ಸರ್’ ಎಂದು ಅವರು ಹೇಳುವುದು ಸುಳ್ಳಲ್ಲ, ಅವರಿಗೆ ಕಾಣುವುದೇ ಅಷ್ಟು. ಆದ್ದರಿಂದ ಆಗಾಗ ಒಂದೊಂದೇ ಕಣ್ಣು ಮುಚ್ಚಿ ನಾನೇ ನೋಡಿಕೊಳ್ಳುತ್ತೇನೆ. ಒಂದು ಬದಿ ಮಸುಕಾಗಿದ್ದರೂ ಸ್ಕೋಪ್ ಹೊರಗೆ ತೆಗೆಸಿ ಒರೆಸಿಸುತ್ತೇನೆ. ಟೀಮ್‌ಗೆ ಮೊದಮೊದಲು ಇದು ಕಿರಿಕಿರಿ.

ಕನ್ನಡಕದ ವಿಷಯ ಬೇರೆ. 40 ದಾಟಿದ ಮೇಲೆ ಪ್ರೊಗ್ರೆಸಿವ್ ಲೆನ್ಸ್ ಬಂತು. ಅದರಲ್ಲಿ ದೂರಕ್ಕೆ ಮೇಲಿನ ಭಾಗ, ಓದಲು ಕೆಳಗಿನ ಭಾಗ. ಕನ್ಸೋಲ್‌ನಲ್ಲಿ ತಲೆ ಒಂದೇ ಕಡೆ ನಿಂತಿರುತ್ತದೆ, ಗಲ್ಲ ಎತ್ತಿ ಸರಿಹೊಂದಿಸಿಕೊಳ್ಳಲು ಜಾಗವೇ ಇಲ್ಲ. ಕನ್ಸೋಲ್‌ಗೇ ಅಂತ ಒಂದೇ ಪವರ್‌ನ ಬೇರೆ ಕನ್ನಡಕ ಮಾಡಿಸಿಕೊಂಡೆ. ಆಗಲೇ ಅಡಗಿದ ಮಾಲುಗಣ್ಣು (ಎರಡೂ ಕಣ್ಣು ಒಟ್ಟಿಗೆ ನೋಡುವಾಗ ಹೊರಗೆ ಕಾಣದ ಓರೆ) ಇದೆಯೇ, ಆಳ ಗ್ರಹಿಸುವ ಶಕ್ತಿ ಹೇಗಿದೆ ಎಂಬ ಪರೀಕ್ಷೆಯೂ ಆಯಿತು. ರೋಬೋಟ್ ಕಲಿಯಲು ಬರುವವರಿಗೂ ಇದನ್ನು ಮೊದಲೇ ಮಾಡಿಸಿಕೊಳ್ಳಿ ಎನ್ನುತ್ತೇನೆ. ಹೆಚ್ಚಿನ ರೋಬೋಟ್‌ಗಳಲ್ಲಿ ಕೈಗೆ ಸ್ಪರ್ಶ ಸಿಗುವುದಿಲ್ಲ, ದಾರವನ್ನು ಎಷ್ಟು ಎಳೆದಿದ್ದೇವೆ ಎನ್ನುವುದನ್ನೂ ಕಣ್ಣೇ ಹೇಳಬೇಕು.

ಉರಿಗೆ ಕಾರಣ ರೆಪ್ಪೆ. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮುಳುಗಿದಾಗ ಅದು ಅರ್ಧಕ್ಕಿಂತ ಕೆಳಗೂ ಇಳಿಯಬಹುದು. ಜೊತೆಗೆ ಮಾಸ್ಕ್‌ನ ಮೇಲಂಚಿನಿಂದ ಉಸಿರು ಕಣ್ಣಿಗೆ ಬೀಸಿ ಕಣ್ಣೀರು ಒಣಗುತ್ತದೆ. ಮೂಗಿನ ಮೇಲೆ ಟೇಪ್ ಅಂಟಿಸಿದರೆ ಇದು ನಿಲ್ಲುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡುವ ನಿಯಮ ಚೆನ್ನಾಗಿದೆ, ಆದರೆ ರಕ್ತ ಬರುತ್ತಿರುವಾಗ ಗಡಿಯಾರ ನೋಡಲು ಆಗುತ್ತದೆಯೇ? ಉಪಕರಣ ಬದಲಿಸುವಾಗ, ಸೂಜಿ ಒಳಗೆ ಕಳಿಸುವಾಗ ಸಿಗುವ ಬಿಡುವನ್ನೇ ಬಳಸುತ್ತೇನೆ. ಡಾ ವಿಂಚಿ ಎಂಬ ರೋಬೋಟ್‌ನ ಕನ್ಸೋಲ್‌ನಿಂದ ತಲೆ ಹೊರತೆಗೆದರೆ ಉಪಕರಣಗಳು ತಾವೇ ನಿಂತಲ್ಲೇ ನಿಲ್ಲುತ್ತವೆ, ಭಯವಿಲ್ಲ. ಇನ್ನೊಂದು ಅನುಕೂಲ, ಕನ್ಸೋಲ್‌ನಲ್ಲಿ ಕೂತವರು ಸ್ಟೆರೈಲ್ ಗ್ಲೌಸ್ ಹಾಕಿರುವುದಿಲ್ಲ. ಕೈ ತೊಳೆದು ಎರಡು ಹನಿ ಡ್ರಾಪ್ಸ್ ಹಾಕಿಕೊಳ್ಳಬಹುದು. ಪದೇಪದೇ ಹಾಕುವುದಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಆರಿಸಿ, ಇಲ್ಲದಿದ್ದರೆ ಡ್ರಾಪ್ಸ್‌ನಿಂದಲೇ ಉರಿ ಬರಬಹುದು.

ಈಗಲೂ ಎರಡು ದೊಡ್ಡ ಕೇಸ್ ಬೆನ್ನುಬೆನ್ನಿಗೆ ಬಂದರೆ ಸಂಜೆ ದೂರದ ದೃಷ್ಟಿ ತಿಳಿಯಾಗುವವರೆಗೆ ಗಾಡಿ ಓಡಿಸುವುದಿಲ್ಲ. ಮಾರನೆಯ ಬೆಳಿಗ್ಗೆಯೂ ಮಂಜೋ ಜೋಡಿ ಚಿತ್ರವೋ ಕಂಡರೆ ಅದನ್ನು ಬರೀ ದಣಿವು ಅಂತ ಬಿಡಬಾರದು, ಕಣ್ಣಿನ ಡಾಕ್ಟರ್‌ಗೆ ತೋರಿಸಬೇಕು.